ದುರ್ಬೀನಿನಲ್ಲಿ ನೋಡಿ ಎಳೆದ ದಾರಿ

ಅಕ್ಕಾ,

ನಿನಗೆ ಮುಖ ತೋರಿಸಲಾಗದೆ ಬೇಗ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ಪಟ್ಟಿ ಕಟ್ಟಿದ ಕೈಯಲ್ಲಿ ಪಾತ್ರೆ ಎತ್ತಬೇಡ.

ನಮ್ಮ ಸೈಕಲ್ ಅಂಗಡಿ ಗೋಡೆಯಲ್ಲಿರುವ, ನಾನು ಬರೆದ ಸೈಕಲ್ ದಾರಿಗಳ ನಕ್ಷೆಯನ್ನು ಕಿತ್ತುಹಾಕು. ಕಣಿವೆಯ ಎರಡನೇ ಸೇತುವೆ ದಾಟಿ ನಾನು ಯಾವತ್ತೂ ಹೋಗಿಲ್ಲ. ಅದರಾಚೆ ಮೇಲಕ್ಕೆ ಹೋಗುವ ಜಲ್ಲಿ ದಾರಿಯನ್ನು ನಮ್ಮ ತಾರಸಿಯಿಂದಲೇ ದುರ್ಬೀನಿನಲ್ಲಿ ನೋಡಿ ಎಳೆದೆ, ಪಕ್ಕದಲ್ಲಿ 'ಸಲೀಸು' ಅಂತ ಬೇರೆ ಬರೆದೆ. ಅದನ್ನು ನಂಬಿ ಹೋಗಿ ನೀನು ಬಿದ್ದೆ. ಗಿರಾಕಿಗಳು ಕೇಳಿದರೆ ತಪ್ಪು ನನ್ನದೇ ಅಂತ ಹೇಳಿಬಿಡು.

ಇವತ್ತು ಆ ದಾರಿಯನ್ನು ಪೂರ್ತಿ ನಡೆದು ನೋಡಿ, ಕತ್ತಲಾಗುವ ಮೊದಲು ಬರುತ್ತೇನೆ.

ನಿನ್ನೆ ಎಲ್ಲರೆದುರು, "ನಕ್ಷೆ ಸರಿಯಾಗೇ ಇದೆ, ನಂಗೇ ಬ್ರೇಕ್ ಹಿಡಿಯೋಕೆ ಬರಲಿಲ್ಲ" ಅಂದೆಯಲ್ಲ, ಅದರ ಬದಲು ನಾಲ್ಕು ಬೈದಿದ್ದರೆ ವಾಸಿಯಿತ್ತು. ನನಗೆ ಬ್ರೇಕ್ ಹಿಡಿಯುವುದನ್ನು ಕಲಿಸಿದವಳೇ ನೀನು.