ಸೀಟಿ ಊದದ ರೆಫರಿ

ರಾಯಚೂರು,
ಗುರುವಾರ, ೧೨ ಫೆಬ್ರವರಿ ೨೦೨೬

ಹುಲಗೆಮ್ಮನ ಅಪ್ಪನವರಿಗೆ,

ನಮಸ್ಕಾರ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಹಾಗೇ ಓದಿಕೊಳ್ಳಿ. ಚಿಕ್ಕಮ್ಮ ಬಸವಂತಮ್ಮನ ಮನೆಯಲ್ಲಿ ನಾನೂ ಮಗಳೂ ಕ್ಷೇಮ. ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ಪೋತ್ನಾಳದ ಕಬಡ್ಡಿ ಅಂಗಳ ಕಣ್ಣಮುಂದೆ ಬರುತ್ತದೆ.

ಅವತ್ತು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದೆ. ಪಂದ್ಯಕ್ಕೆ ಮೊದಲು ಮಾನ್ವಿ, ದೇವದುರ್ಗ ಎರಡೂ ತಂಡದವರನ್ನು ನಿಲ್ಲಿಸಿ ಒಬ್ಬೊಬ್ಬರ ಉಗುರು ನೋಡಿದಿರಿ. ಒಬ್ಬನ ಹೆಬ್ಬೆರಳಿನ ಉಗುರು ಉದ್ದವಿದೆಯೆಂದು ಬ್ಲೇಡ್ ತರಿಸಿ ಕತ್ತರಿಸಿದಿರಿ. ರೆಫರಿ ಅಂದರೆ ನಮ್ಮ ಯಜಮಾನರ ಹಾಗಿರಬೇಕು ಎಂದು ಪಕ್ಕದವಳ ಮುಂದೆ ಬೀಗಿದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ.

ಮಾನ್ವಿ ತಂಡದ ಜೀವವೇ ಮುಜಾಹಿದ್. ರೈಡಿಗೆ ಬಂದ, ಸಿಕ್ಕಿಬಿದ್ದ, ಔಟಾದೆ ಎಂದು ಕೈಯನ್ನೂ ಎತ್ತಿದ. ಆಟ ಅಲ್ಲಿಗೆ ಮುಗಿದಿತ್ತು. ಆಮೇಲೆ ದೇವದುರ್ಗದ ಆ ಹುಡುಗ ಎದ್ದು, ಬಿದ್ದವನ ಮೊಣಕಾಲಿನ ಮೇಲೆ ಹಾರಿ ಕುಳಿತ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ದೂರ ಕೂತ ನನಗೇ ಕೇಳಿಸಿದ್ದು ನಿಮಗೆ ಕೇಳಿಸಲಿಲ್ಲವೇ? ಸೀಟಿ ತುಟಿಯಲ್ಲೇ ಇತ್ತು. ನೀವು ಅಂಕದ ಹಲಗೆಯತ್ತ ಮುಖ ತಿರುಗಿಸಿದಿರಿ. ದೇವದುರ್ಗದ ಜನ ಟವೆಲ್ ಬೀಸಿ ಕುಣಿದರು.

ಮನೆಗೆ ಬಂದು ರೊಟ್ಟಿ ಮುರಿಯುತ್ತಾ, “ಆಟ ಅಂದಮ್ಯಾಲ ಏಟು ಇರತಾವ, ನೀ ಪಲ್ಯ ಹಾಕು” ಅಂದಿರಿ. ಬಡಿಸುವಾಗ ನಿಮ್ಮ ಕೈ ನೋಡಿ ನನಗೆ ಹೇಸಿಗೆಯಾಯಿತು. ಮರುದಿನ ಪಂದ್ಯದ ಕಮಿಟಿಯವರ ಮುಂದೆ, ಮುಜಾಹಿದ್ ತಾನೇ ಕಾಲು ಜಾರಿ ಬಿದ್ದ ಎಂದಿರಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವತ್ತೇ ಮಗಳನ್ನು ಕರೆದುಕೊಂಡು ಬಸ್ ಹತ್ತಿದೆ.

ಇಲ್ಲಿ ಆಸ್ಪತ್ರೆಗೆ ಹೋಗಿದ್ದೆ. ಮುಜಾಹಿದ್ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಇನ್ನು ಹೊರೆ ಹೊರುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವನ ಹೆಂಡತಿ ವಾಹಿದಾ, ನಾನು ಯಾರೆಂದು ಗೊತ್ತಿದ್ದೂ ಕೂರಲು ಸ್ಟೂಲು ಕೊಟ್ಟಳು. “ಆಟದಾಗ ಬಿದ್ರ ಏಳ್ತಾರಕ್ಕಾ. ಇವರನ್ನ ಬಿದ್ದಮ್ಯಾಲ ಮುರದ್ರು. ಜಾರಿ ಬಿದ್ದಾನ ಅಂದ್ಬಿಟ್ರ ನಮಗ ಯಾರು ದಿಕ್ಕು?” ಅಂದಳು.

ಸೋಮವಾರ ಕಮಿಟಿ ಮತ್ತೆ ಕೂಡುತ್ತದಂತೆ. ಹೋಗಿ ಕಂಡದ್ದನ್ನು ಹೇಳಿ. ಆ ಹುಡುಗ ಮತ್ತೆ ಅಂಗಳಕ್ಕೆ ಇಳಿಯದಂತೆ ಮಾಡಿ. ತನ್ನವರು ಆಡುವ ಪಂದ್ಯಕ್ಕೆ ಯಾರೂ ಸೀಟಿ ಹಿಡಿಯಬಾರದೆಂದು ನೀವೇ ಕೇಳಿ. ಮೊದಲ ಒದೆಗೇ ಒದ್ದವನನ್ನು ಹೊರಗೆ ಕಳಿಸಬೇಕು. ಜನ ಕೂಗಿದರೆ ಕೂಗಲಿ, ಶೀಲ್ಡ್ ಬಾರದಿದ್ದರೆ ಊರೇನೂ ಮುಳುಗುವುದಿಲ್ಲ. ಹುಲಗೆಮ್ಮ ಶಾಲೆಯ ತಂಡಕ್ಕೆ ಕೊಟ್ಟಿದ್ದ ಹೆಸರನ್ನು ವಾಪಸ್ ತೆಗೆದುಕೊಂಡಳು. “ಕಾಲು ಮುರದ್ರೂ ಅಪ್ಪ ಸೀಟಿ ಊದಂಗಿಲ್ಲಲ್ಲವ್ವಾ, ಹೆಂಗ ಆಡ್ಲಿ” ಎನ್ನುತ್ತಾಳೆ.

ನೀವು ನಿಜ ಹೇಳಿದ ದಿನ ಮಾನ್ವಿಯ ಬಸ್ ಹತ್ತುತ್ತೇನೆ. ಅಲ್ಲಿಯ ತನಕ ಇಲ್ಲೇ.

ಇನ್ನೂ ನಿಮ್ಮವಳೇ ಆದ,
ರೇಣುಕಮ್ಮ

ತಾ.ಕ.: ಆ ಹುಡುಗ, ಆ ಹುಡುಗ ಎಂದೇ ಬರೆದೆ. ಆಂಜನೇಯ ನನ್ನ ಒಡಹುಟ್ಟಿದ ತಮ್ಮ. ಹೆಂಡತಿಯ ತಮ್ಮನೆಂದೇ ನೀವು ಸೀಟಿ ಊದಲಿಲ್ಲ ಎಂಬುದು ನನಗೆ ಗೊತ್ತು. ಇವತ್ತು ಬೆಳಿಗ್ಗೆ ವಾಹಿದಾಳ ಜೊತೆ ಪೊಲೀಸರ ಬಳಿ ಹೋಗಿ ಅವನ ಹೆಸರು ಹೇಳಿದೆ. ರೆಫರಿ ಯಾರು ಎಂದು ಕೇಳಿದರು. ಮದುವೆಯ ದಿನ ಎಲ್ಲರೂ ಕಾಡಿದ್ದಕ್ಕೆ ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ಇವತ್ತು ಒಡಪಿಲ್ಲದೆ ಹೇಳಿದೆ.