ಚೀಟಿಯಲ್ಲಿದ್ದ ಹೆಸರು

೮-೧-೧೯೮೦

ಸ್ಕೂಲಿಗೆ ಹತ್ತು ನಿಮಿಷ ಲೇಟು. ಕಾರಣ ಇವರು. ಲಿಂಗಪೂಜೆ ಮುಗಿಸಿ, ಲಿಂಗದ ಕರಡಿಗೆ ಕೊರಳಿಗೆ ಹಾಕಿಕೊಂಡು ರೊಟ್ಟಿಗೆ ಕೂತವರು ತಟ್ಟೆ ತಳ್ಳಿಬಿಟ್ಟರು. "ಪೂಜೆನೇ ಆಗಿಲ್ಲ, ಉಣ್ಣಾಕೆ ಹೆಂಗೆ ಕೂತ್ಕಳ್ಲಿ?" ಮತ್ತೆ ಪತ್ರೆ, ಮತ್ತೆ ವಿಭೂತಿ, ಮತ್ತೆ ಅರ್ಧ ಗಂಟೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಒಂದು ಶೀಷೆ ಅದಲುಬದಲು ಮಾಡದ ಮನುಷ್ಯ. ಈಗ ಅರವತ್ತೆರಡು. ಪಕ್ಕದ ಮನೆಯ ಅಜ್ಜಮ್ಮ "ಅರವತ್ತಕ್ಕೆ ಅರಳುಮರಳು" ಅಂತ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

೨೧-೧-೧೯೮೦

ಇವರೇ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದರಂತೆ. ಮೆದುಳು ಸವೆಯುವ ಕಾಯಿಲೆ. ಔಷಧಿ ಇಲ್ಲ. ಬುದ್ಧಿ ನೆಟ್ಟಗಿರುವಾಗಲೇ ಮುಂದಿನದು ಹೇಳಿಡಿ ಅಂದರಂತೆ ಡಾಕ್ಟರು.

ನಾನು ಸ್ಕೂಲಿಂದ ಬರುವಷ್ಟರಲ್ಲಿ ಚೀಟಿ ಬರೆದು, ಮಡಿಚಿ, ಅಕ್ಕನ ಕೈಗೆ, ಮೊದಲ ಹೆಂಡತಿಯ ಕೈಗೆ, ಕೊಟ್ಟಾಗಿತ್ತು. "ಏನದು?" ಅಂದೆ. "ಮುಂದಕ್ಕೆ ಬೇಕಾಗ್ತೈತೆ" ಅಂದರು, ಅಷ್ಟೆ.

ಅಕ್ಷರ ಬರದವಳಿಗೆ ಬರೆದ ಕಾಗದ! ಕುರುಡಿಗೇಕೆ ಕನ್ನಡಿ? ಮನೆಯಲ್ಲಿ ಓದಿದವಳು ನಾನು. ಮಕ್ಕಳಾಗಲಿಲ್ಲ ಅಂತ ಅಕ್ಕನ ಮೇಲೆ ನನ್ನನ್ನು ತಂದರು, ಹೊನ್ನಾಳಿಯಿಂದ, ಹದಿನೇಳು ವರ್ಷದವಳನ್ನು. ನನಗೂ ಆಗಲಿಲ್ಲ. ಇಪ್ಪತ್ತೇಳು ವರ್ಷ ಆದರೂ ನಾನು ಈ ಮನೆಗೆ ಎರಡನೆಯವಳೇ. ಹೊಟ್ಟೆ ಉರಿಯುತ್ತಿದೆ. ಬರೆದೇಬಿಡುತ್ತೇನೆ — ಉರಿಯುತ್ತಿದೆ.

೧೪-೪-೧೯೮೦

ಪರೀಕ್ಷೆ ಪೇಪರು ತಿದ್ದುತ್ತಾ ಪಡಸಾಲೆಯಲ್ಲಿ ಕೂತಿದ್ದೆ. ಇವರು ಬಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಕೂಗಿದರು — "ಕೊಟ್ರೀ, ಟೀಚರಮ್ಮ ಬಂದಾರೆ, ಕಾಫಿ ಕೊಡು."

ಅಕ್ಕ ಕಾಫಿ ತಂದಿಟ್ಟಳು. ನನ್ನ ಮುಖ ನೋಡಲಿಲ್ಲ. ಕುಡಿದೆ. ಏನು ಮಾಡಲಿ.

೨-೬-೧೯೮೦

ಹಳೆಯದೆಲ್ಲ ನೆನಪಿದೆ ಇವರಿಗೆ. ಬಿಳಿಚೋಡಿನಲ್ಲಿ ಅಕ್ಕನ ಮನೆಗೆ ಹೆಣ್ಣು ನೋಡಲು ಹೋದದ್ದು, ಅವಳ ತಂದೆ ಗುಗ್ಗರಿ ಕೊಟ್ಟದ್ದು, ಎಲ್ಲ. ಆಮೇಲಿನದು ಅಳಿಸಿಹೋಗಿದೆ. ಆಮೇಲಿನದು ಅಂದರೆ ನಾನು.

ಇವತ್ತೂ ತಟ್ಟೆ ತಳ್ಳಿದರು. ನಾನು ವಾದ ಮಾಡಿದೆ, ದನಿ ಏರಿಸಿದೆ. ಅಕ್ಕ ಸುಮ್ಮನೆ ಕನ್ನಡಿ ತಂದು ಹಿಡಿದಳು. "ನೋಡ್ರಿ, ಹಣೆ ಮ್ಯಾಲೆ ವಿಭೂತಿ ಐತೆ. ಪೂಜೆ ಆಗದೆ ಹೆಂಗೆ ಬರ್ತೈತೆ?" ಹಣೆ ಮುಟ್ಟಿ ನೋಡಿಕೊಂಡು ಉಂಡರು. ನನಗ್ಯಾಕೆ ಹೊಳೆಯಲಿಲ್ಲ? ಉಂಡರಲ್ಲ ಅಂತ ಸಂತೋಷ ಪಡಬೇಕಾದವಳು ಕನ್ನಡಿ ಒಡೆಯಬೇಕು ಅಂದುಕೊಂಡೆ.

೧೯-೮-೧೯೮೦ — ಮಧ್ಯಾಹ್ನ

ಏಳು ದಿನ ಜ್ವರ ಇವರಿಗೆ. ಈಗ ಇಳಿದಿದೆ. ಅಕ್ಕ ಹೆದರಿದ್ದಾಳೆ. ಚೀಟಿ ತಂದು ನನ್ನ ಮುಂದಿಟ್ಟಳು. "ಓದು ಮಂಗಳಾ. ಏನೇನು ಬರ್ದಾರೆ, ಇಬ್ರಿಗೂ ಗೊತ್ತಿರಲಿ."

ಕೆಂಪು ಇಂಕಿನಲ್ಲಿ, ಔಷಧಿ ಶೀಷೆಗೆ ಬರೆಯುತ್ತಿದ್ದ ದುಂಡು ಅಕ್ಷರ.

"ನನಗೆ ಬುದ್ಧಿ ಪೂರ್ತಿ ಹೋದ ಮೇಲೆ — ೧. ನೋವಿಗೆ, ಜ್ವರಕ್ಕೆ ಔಷಧಿ ಕೊಡಿ. ೨. ನುಂಗಲು ಆಗದಿದ್ದರೆ ಮೂಗಿಗೆ ಟ್ಯೂಬು ಬೇಡ. ಅದನ್ನು ಕೀಳದ ಹಾಗೆ ಎಷ್ಟೋ ಮುದುಕರ ಕೈಯನ್ನು ಮಂಚಕ್ಕೆ ಕಟ್ಟಿದವನು ನಾನು. ೩. ಡಾಕ್ಟರು ಕೇಳಿದರೆ ಕೊಟ್ರಮ್ಮ ಹೇಳಿದ್ದೇ ನನ್ನ ಮಾತು. — ಪಂಚಾಕ್ಷರಪ್ಪ."

ಒಂದು, ಎರಡು ಇದ್ದಂತೆಯೇ ಓದಿದೆ. ಮೂರಕ್ಕೆ ಬಂದಾಗ ನಾಲಿಗೆ ತಾನೇ ಹೊರಳಿತು. "ಮಂಗಳಮ್ಮ ಹೇಳಿದ್ದೇ ನನ್ನ ಮಾತು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ "ಹಂಗಾದ್ರೆ ನೀನೇ ಇಟ್ಕ" ಅಂದು ಎದ್ದುಹೋದಳು.

ಚೀಟಿ ಈಗ ನನ್ನ ಟ್ರಂಕಿನಲ್ಲಿದೆ. ಗೆದ್ದೆ ಅನ್ನಿಸಿತು. ನಾಚಿಕೆ ಆಮೇಲೆ ಬಂತು. ಸ್ವಲ್ಪವೇ.

೩-೨-೧೯೮೧

ಎಷ್ಟು ತಿಂಗಳಾಯಿತು ಬರೆದು. ಇವರು ಹಾಸಿಗೆ ಹಿಡಿದಿದ್ದಾರೆ. ಕೊಟ್ರಿ ಅನ್ನುವುದೂ ನಿಂತಿದೆ. ಅವಳನ್ನೂ ಮರೆತರಲ್ಲ ಅಂತ ಒಂದು ಕ್ಷಣ ಸಮಾಧಾನ ಆಯಿತು. ಎಂಥ ಹೆಂಗಸು ನಾನು!

೧೧-೨-೧೯೮೧ — ಆಸ್ಪತ್ರೆ, ಬೆಳಿಗ್ಗೆ ೭

ನಾಲ್ಕು ದಿನದಿಂದ ನೀರೂ ಒಳಗೆ ಇಳಿಯುತ್ತಿಲ್ಲ, ಕೆಮ್ಮಿ ಹೊರಗೆ ಹಾಕುತ್ತಾರೆ. ನಿನ್ನೆ ಇಲ್ಲಿಗೆ ತಂದೆವು. ಇವರೇ ಓಡಾಡಿದ ವಾರ್ಡು.

ಹೊಸ ಡಾಕ್ಟರು, ಒಳ್ಳೆಯ ಹುಡುಗ. "ಕಾಯಿಲೆ ವಾಸಿ ಆಗಲ್ಲಮ್ಮ. ಟ್ಯೂಬಲ್ಲಿ ಗಂಜಿ ಬಿಟ್ರೆ ಕೆಲವು ತಿಂಗಳು ಇರಬಹುದು. ಹೇಳೋರು ಯಾರು?" ಅಂದರು.

ಅಕ್ಕ ನನ್ನನ್ನು ತೋರಿಸಿದಳು. "ತಂಗಿ ಅದಾಳೆ. ಆಕೆ ಹೆಸರೇ ಬರ್ದಾರೆ."

ಹತ್ತು ಗಂಟೆಗೆ ಬರುತ್ತೇನೆ, ಯೋಚಿಸಿ ಅಂದರು ಡಾಕ್ಟರು.

ಕೆಲವು ತಿಂಗಳು. ಅದರಲ್ಲಿ ಒಂದೇ ಒಂದು ದಿನ ಮಂಗಳಾ ಅಂದರೆ? ಹಾಕಿ ಅಂದುಬಿಡಲೇ? ನನ್ನ ಚೀಲದಲ್ಲಿರುವ ಚೀಟಿಯನ್ನು ಡಾಕ್ಟರು ನೋಡಿಲ್ಲ. ಹರಿದರೆ ಮುಗಿಯಿತು.

೯-೩೦

ತಡೆಯಲಾಗಲಿಲ್ಲ. ಅಕ್ಕನಿಗೆ ಹೇಳಿಬಿಟ್ಟೆ — ಸುಳ್ಳು ಓದಿದೆ, ಅಲ್ಲಿರುವುದು ನಿನ್ನ ಹೆಸರು, ನೀನೇ ಹೇಳು ಅಂತ.

"ಗೊತ್ತು" ಅಂದಳು.

"ಗೊತ್ತಾ?"

"ಬರೆದ ದಿವ್ಸಾನೇ ನಂಗೆ ಓದಿ ಹೇಳಿದ್ರು. ಓದಾಕೆ ಬರಲ್ಲ, ಕಿವಿ ಐತಲ್ಲ ನಂಗೆ."

"ಮತ್ಯಾಕೆ ಸುಮ್ನಿದ್ದೆ ಅಕ್ಕಾ?"

ಇವರ ಕಾಲು ನೀವುತ್ತಾ ಹೇಳಿದಳು. "ಟ್ಯೂಬು ಬ್ಯಾಡ ಅನ್ನೋ ಮಾತು ನನ್ನ ಬಾಯಾಗೆ ಬರಾಕಿಲ್ಲ ಮಂಗಳಾ. ಕೈ ಹಿಡಿದೋನಿಗೆ ಬ್ಯಾಡ ಅಂತ ಹೆಂಗೆ ಅನ್ಲಿ? ಆವತ್ತಿಂದ ನಿದ್ದಿ ಇರ್ಲಿಲ್ಲ ನಂಗೆ. ನೀನಾಗೇ ನಿನ್ನ ಹೆಸರು ಓದಿದೆ. ಸದ್ಯ, ಹೊರಾಕೆ ಒಬ್ಬಳು ಬಂದ್ಲು ಅಂತ ಬಿಟ್ಟೆ. ನಂದೂ ತಪ್ಪೇ."

ಸಿಟ್ಟು ಬಂತು. ಅವಳ ಮೇಲೆ, ನನ್ನ ಮೇಲೆ. ಕದ್ದೆ ಅಂದುಕೊಂಡದ್ದನ್ನು ಅವಳೇ ನನ್ನ ಹೆಗಲಿಗೆ ಇಳಿಸಿಕೊಟ್ಟಿದ್ದಳು. ಇಬ್ಬರೂ ಅತ್ತೆವು, ನರ್ಸು ಬಂದು ಬೈಯುವ ತನಕ.

ಚೀಟಿ ಡಾಕ್ಟರಿಗೆ ತೋರಿಸುತ್ತೇನೆ. ಹೆಸರು ಯಾರದಾದರೂ ಇರಲಿ, ಇವರ ಮಾತು ಒಂದೇ. ಇವರ ಕೈ ಬೆಚ್ಚಗಿದೆ, ಹಿಡಿದರೆ ಸಣ್ಣಗೆ ಹಿಡಿಯುತ್ತದೆ. ಇದನ್ನು ಕಟ್ಟಬಾರದು.

ಬೇಡ. ಈ ಮಾತು ಬರೆಯಲು ಬಂತು, ಅಷ್ಟು ಕಷ್ಟ ಆಗಲಿಲ್ಲ.

ಡಾಕ್ಟರು ಬಂದರು. ಅಕ್ಕ ಎದ್ದು ಬಂದು ನನ್ನ ಪಕ್ಕ ನಿಂತಳು. ಈಗ ಬಾಯಿಬಿಟ್ಟು ಹೇಳಬೇಕು.