ಕಾಯುವ ಕೈ

ವಿಜಯಪುರ
21 ನವೆಂಬರ್ 2024

ಪ್ರೀತಿಯ ಲಕ್ಷ್ಮಿ,

ಈ ವಾರ ನಿನ್ನ ಫೋನು ಬಂದಾಗಲೆಲ್ಲ ಕೆಲಸದಲ್ಲಿದ್ದೇನೆ ಎಂದು ಹೇಳಿ ಇಟ್ಟುಬಿಟ್ಟೆ. ಕೆಲಸವೇನೂ ಇರಲಿಲ್ಲ. ಫೋನಿನಲ್ಲಿ ನೀನು ನಗಿಸಿಬಿಡುತ್ತೀಯ, ನಕ್ಕ ಮೇಲೆ ಹೇಳಬೇಕಾದದ್ದು ನನ್ನ ಬಾಯಿಂದ ಹೊರಡುವುದಿಲ್ಲ. ಅದಕ್ಕೇ ಕಾಗದ. ಅತ್ತೆ ನಿನ್ನನ್ನು ಕೇಳಿದ್ದಾರೆ. ನೀನು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯಲ್ಲಿ ನನ್ನ ಪಾಲಿಗೆ ಅರ್ಧ ಸಿಕ್ಕಿತು, ಉಳಿದದ್ದರ ಬಗ್ಗೆ ಅವರನ್ನು ಕೇಳುವ ಧೈರ್ಯ ನನಗಿಲ್ಲ.

ತಿಂಗಳು ಮುಗಿಯುವುದರೊಳಗೆ ನಿನ್ನ ಪಾಠದ ಬಗ್ಗೆ ನನ್ನ ಅಭಿಪ್ರಾಯ ಪುಣೆಯ ಸಂಘಕ್ಕೆ ಹೋಗಬೇಕು. ಜನರಿಗೆ ಮೈಯ ಬಿಗಿ ಬಿಟ್ಟು ನಿಲ್ಲುವುದು, ಕೂರುವುದು, ಏಳುವುದನ್ನು ಕಲಿಸುವ ನಮ್ಮಂಥವರು ತಾವು ಕಲಿಯುವುದನ್ನು ಬಿಡಬಾರದು ಎಂದು ಅವರು ಮಾಡಿದ ನಿಯಮ: ವರ್ಷಕ್ಕೊಮ್ಮೆ ಒಬ್ಬಳ ತರಗತಿಯಲ್ಲಿ ಇನ್ನೊಬ್ಬಳು ಕೂತು ನೋಡಬೇಕು, ಆಮೇಲೆ ಪರಸ್ಪರ ಕೈಯಿಟ್ಟು ಪಾಠ ಮಾಡಿಕೊಳ್ಳಬೇಕು, ಕಂಡದ್ದನ್ನು ಬರೆಯಬೇಕು. ಅಭಿಪ್ರಾಯ ಹೋಗದಿದ್ದರೆ ನಿನ್ನ ಹೆಸರು ಸಂಘದಲ್ಲಿ ಉಳಿಯುವುದಿಲ್ಲ. ಸಂಘದಲ್ಲಿ ಹೆಸರಿಲ್ಲದವಳನ್ನು ಬಬಲೇಶ್ವರದ ಶಾಲೆಯವರು ಜನವರಿಯಿಂದ ಕೆಲಸಕ್ಕೆ ಕರೆಯುವುದಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ನಾನು ಎಷ್ಟು ದೊಡ್ಡ ಮಾತು ಆಡಲು ಹೊರಟಿದ್ದೇನೆಂದು ನನಗೆ ನೆನಪಿರಲಿ ಎಂದು ಬರೆದುಕೊಂಡೆ.

ಅಭಿಪ್ರಾಯ ಇನ್ನೂ ಕಳಿಸಿಲ್ಲ, ಲಕ್ಷ್ಮಿ. ಈಗ ಕಳಿಸಲು ಆಗುತ್ತಲೂ ಇಲ್ಲ.

ಭಾನುವಾರ ಟಿಕೋಟಾದಲ್ಲಿ ಇಳಿದು, ಗುಡುಸಾಬರ ಬಟ್ಟೆ ಅಂಗಡಿಯ ಮೇಲಿನ ನಿನ್ನ ಕೋಣೆ ಎಲ್ಲಿ ಎಂದು ಕೇಳಿದರೆ, ಅಲ್ಲಿದ್ದವರು "ಬೆನ್ನಿನ ಕ್ಲಾಸಾ?" ಎಂದು ಕೇಳಿ ಬಾಗಿಲತನಕ ಬಿಟ್ಟುಹೋದರು. ನನ್ನ ಓಣಿಯಲ್ಲಿ ನನ್ನ ತರಗತಿ ಯಾರಿಗೂ ಗೊತ್ತಿಲ್ಲ. ಒಳಗೆ ಬಂದರೆ ನೆಲ ಕಾಣದಷ್ಟು ಹೆಂಗಸರು. ನೀನು ಅವರಿಗೆಲ್ಲ, ಬಿಜಾಪುರದ ಮೇಡಂ ಇನ್‌ಸ್ಪೆಕ್ಷನ್‌ಗೆ ಬಂದಾರ, ನೆಟ್ಟಗ ಕುಂದರ್ರಿ ಎಂದೆ. ಎಲ್ಲರೂ ಎದೆ ಉಬ್ಬಿಸಿ ಪೊಲೀಸ್ ಪರೇಡಿನಂತೆ ಕೂತರು. ನಮ್ಮ ವಿದ್ಯೆಯಲ್ಲಿ ಯಾರಿಗೂ ಹೇಳಬಾರದ ಮಾತು ನೆಟ್ಟಗೆ ಕೂರಿ ಎಂಬುದೊಂದೇ. ಅದನ್ನೇ ನೀನು ತಮಾಷೆ ಮಾಡಿದ್ದಕ್ಕೆ ನಾನೂ ನಕ್ಕೆ.

ಆಮೇಲೆ ನೀನು ಹೊನವಾಡದ ಬೋರವ್ವನನ್ನು ಕುರ್ಚಿಗೆ ಕರೆದೆ. ದ್ರಾಕ್ಷಿ ತೋಟದಲ್ಲಿ ದಿನವಿಡೀ ಚಪ್ಪರದ ಕೆಳಗೆ ಕೈ ಎತ್ತಿ ಕುಡಿ ಕತ್ತರಿಸಿದವಳು. ಹೆಗಲು ಕಿವಿಯವರೆಗೆ ಏರಿತ್ತು. ನೀನು ಅವಳ ಕುತ್ತಿಗೆಯ ಹಿಂದೆ ಕೈಯಿಟ್ಟೆ. ಅಲ್ಲಿಂದ ಕಾಯಬೇಕಿತ್ತು. ಬಿಗಿ ಹಿಡಿದದ್ದನ್ನು ಅವಳೇ ಬಿಡಬೇಕು, ನಾವು ಬಿಡಿಸಬಾರದು; ಪುಣೆಯಲ್ಲಿ ಮೊದಲ ವರ್ಷವಿಡೀ ನಾವಿಬ್ಬರೂ ಕಲಿತದ್ದು ಇಷ್ಟೇ. ನೀನು ಕಾಯಲಿಲ್ಲ. ಹೆಗಲನ್ನು ಕೆಳಕ್ಕೆ ಒತ್ತಿ, ಬೆನ್ನಿಗೆ ಇನ್ನೊಂದು ಕೈ ಕೊಟ್ಟು ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಎಲ್ಲರೂ ವಾಹ್ ಎಂದರು. ಬೋರವ್ವ ನೆಟ್ಟಗೆ ನಿಂತಿದ್ದಳು, ಉಸಿರು ಹಿಡಿದುಕೊಂಡು.

ಎಲ್ಲರೂ ಹೋದ ಮೇಲೆ ನನ್ನ ಕುತ್ತಿಗೆಗೂ ನೀನು ಕೈಯಿಟ್ಟೆ. ಅದೇ ಅವಸರ. ನಾನು ಬಿಗಿ ಬಿಡುವ ಮೊದಲೇ ನಿನ್ನ ಕೈ ನನ್ನನ್ನು ಎಲ್ಲಿಗೋ ಒಯ್ಯುತ್ತಿತ್ತು. ಯಾಕೆ ಇಷ್ಟು ಬೇಗ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನಿನ್ನಂಗ ಕಾಕೋತ ಕುಂತ್ರ ಇವರ ಬಸ್ ಹೋಗತೈತಿ ಬೇ. ರೊಕ್ಕಾ ಕೊಟ್ಟ ಬಂದಾರ, ಮನಿಗೆ ಹೋಗೂ ಮುಂದ ಏನರೆ ಆಗೇತಿ ಅನಸಬೇಕಲ್ಲ."

ನನ್ನ ಬಸ್ಸೂ ಹೋಗುತ್ತದೆ ಎಂದು ಹೇಳಿ ಎದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಬೋರವ್ವ ಸಿಕ್ಕಳು. ಹೊನವಾಡದ ಬಸ್ಸೂ ಬಂದಿರಲಿಲ್ಲ, ನನ್ನದೂ ಬಂದಿರಲಿಲ್ಲ. ನಾನು ಕೇಳುವ ಮೊದಲೇ ನಿನ್ನನ್ನು ಹೊಗಳತೊಡಗಿದಳು. "ಲಕ್ಷ್ಮಕ್ಕ ಕೈ ಹಚ್ಚಿದ್ರ ಕಂಬದಂಗ ನಿಂದರ್ತೇನ್ರಿ. ಹೊನವಾಡದಾಗ ಇಳಿಯೂದ್ರಾಗ ಮತ್ತ ಮದಲಿನಂಗ. ಅದಕ್ಕ ವಾರಾ ವಾರಾ ಬರ್ತೇನಿ. ಮುಂದಿನ ವಾರ ನಮ್ಮ ನೆಗೆಣ್ಣಿನೂ ಕರ್ಕೊಂಡ ಬರಾಕಿ." ಸಂತೋಷದಿಂದ ಹೇಳಿದಳು. ಒಂದು ಮಾತ್ರೆಯನ್ನು ಹೊಗಳಿದ ಹಾಗೆ ಹೇಳಿದಳು.

ವಿಜಯಪುರಕ್ಕೆ ಬರುವತನಕ ನನ್ನನ್ನೇ ಕೇಳಿಕೊಂಡೆ. ನಿನ್ನ ಕೋಣೆ ತುಂಬಿದೆ, ನನ್ನದು ಖಾಲಿ, ಇದು ಹೊಟ್ಟೆಕಿಚ್ಚೇ? ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಹೊಟ್ಟೆಕಿಚ್ಚನ್ನು ತೆಗೆದಿಟ್ಟು ನೋಡಿದರೂ ಬೋರವ್ವ ಉಸಿರು ಹಿಡಿದು ನಿಂತದ್ದು ಹಾಗೇ ಕಾಣುತ್ತದೆ. ಅವಳ ಬೆನ್ನು ಅವಳಿಗೆ ಸಿಗಬೇಕಿತ್ತು. ಅದು ನಿನ್ನ ಹತ್ತಿರವೇ ಉಳಿದಿದೆ. ಬಬಲೇಶ್ವರದಲ್ಲಿ ನೀನು ಕಲಿಸುವುದು ಮೇಷ್ಟ್ರುಗಳಿಗೆ. ಅವರು ಈ ಅವಸರವನ್ನೇ ಕಲಿತು ಮಕ್ಕಳ ಹೆಗಲು ಒತ್ತತೊಡಗಿದರೆ?

ಚೆನ್ನಾಗಿದೆ ಎಂದು ಬರೆಯಲು ನಾನು ಕೂತದ್ದೂ ನಿಜ. ನೀನು ಆ ಕೆಲಸಕ್ಕೆ ಎಷ್ಟು ಓಡಾಡಿದ್ದೀಯೆಂದು ನನಗೆ ಗೊತ್ತು. ನಾನು ಬರೆಯದಿದ್ದರೆ ಮನೆಯಲ್ಲಿ ರೇವಪ್ಪಣ್ಣನಿಗೆ ನೀನು ಏನು ಹೇಳುತ್ತೀಯೆಂದೂ ಗೊತ್ತು. ಶಕೀಲ ಕಾಲಿಗೆ ಅಡ್ಡ ಬಂದಳು ಅನ್ನುತ್ತೀಯ. ಅನ್ನು. ಆದರೆ ನಿನಗೊಂದು ಹೇಳಿ ಪುಣೆಗೆ ಇನ್ನೊಂದು ಬರೆಯುವುದು ನನ್ನಿಂದ ಆಗಲಿಲ್ಲ, ನಿನಗೆ ಹೇಳದೆ ಬರೆಯುವುದು ಇನ್ನೂ ಆಗಲಿಲ್ಲ.

ಹಾಗಾಗಿ ಡಿಸೆಂಬರ್ ಕೊನೆಯವರೆಗೆ ಸಮಯ ಕೊಡಿ ಎಂದು ಸಂಘಕ್ಕೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಶಾಲೆಯ ಕೆಲಸ ಜನವರಿಯಲ್ಲಿ, ಅಷ್ಟರೊಳಗೆ ಆಗುತ್ತದೆ. ಭಾನುವಾರ ಮಧ್ಯಾಹ್ನ ನಿನ್ನ ಕ್ಲಾಸು ಮುಗಿಸಿ ಇಲ್ಲಿಗೆ ಬಾ. ಪ್ರತಿ ಭಾನುವಾರ ಬಾ. ಪುಣೆಯಲ್ಲಿದ್ದಂತೆ ಒಬ್ಬರ ಮೇಲೊಬ್ಬರು ಕೈಯಿಟ್ಟು ಸುಮ್ಮನೆ ಕಾಯೋಣ. ಬಸ್ಸಿನ ಮಾತು ನೀನು ಹೇಳಿದ್ದು ಸರಿ, ಅಷ್ಟು ಜನರಿದ್ದಾಗ ಹೇಗೆ ಕಾಯುವುದು ನನಗೂ ಗೊತ್ತಿಲ್ಲ. ಆಮೇಲೆ ಮತ್ತೊಮ್ಮೆ ಟಿಕೋಟಾಕ್ಕೆ ಬರುತ್ತೇನೆ, ಕಂಡದ್ದನ್ನು ಬರೆಯುತ್ತೇನೆ. ನನ್ನ ಬದಲು ಬೇರೆಯವರು ನೋಡಲಿ ಅನಿಸಿದರೆ ಅದನ್ನೂ ಹೇಳು. ನಾನು ಮುನಿಸಿಕೊಳ್ಳುವುದಿಲ್ಲ, ಮುನಿಸಿಕೊಂಡರೂ ನಿನಗೆ ಗೊತ್ತಾಗಲು ಬಿಡುವುದಿಲ್ಲ.

ಸಿಟ್ಟು ಬಂದರೆ ಸಿಟ್ಟಿನಲ್ಲೇ ಬಾ. ಊಟ ಇಲ್ಲೇ.

ನಿನ್ನ
ಶಕೀಲ

ತಾ.ಕ.: ಅಕ್ಟೋಬರಿನಲ್ಲಿ ನೀನು ನನ್ನ ತರಗತಿ ನೋಡಿ ಸಂಘಕ್ಕೆ ಬರೆದದ್ದನ್ನು ಅವರು ನನಗೆ ತೋರಿಸಿದರು. ಮಾತಿನಿಂದಲೇ ಕಲಿಸಬಲ್ಲ ಅಪರೂಪದ ಶಿಕ್ಷಕಿ ಎಂದು ಬರೆದಿದ್ದೀಯ. ಅದನ್ನೂ ಸದ್ಯ ಪಕ್ಕಕ್ಕಿಡಿ ಎಂದು ಅವರಿಗೆ ಹೇಳಿದ್ದೇನೆ. ಅಂದು ನಾನು ಯಾರ ಮೇಲೂ ಕೈಯಿಡಲಿಲ್ಲ, ನನ್ನ ಮೇಲಿನ ಪ್ರೀತಿಗೆ ನೀನು ಅದನ್ನು ಕೇಳಲಿಲ್ಲ. ಟಿಕೋಟಾದಲ್ಲಿ ನನ್ನ ಸರದಿ ಬಂದಾಗ ಬಸ್ಸು ಹೋಗುತ್ತದೆ ಎಂದು ಎದ್ದದ್ದೂ ಅದಕ್ಕೇ. ಈ ಬೇಸಿಗೆಯಿಂದೀಚೆಗೆ ಕೈಯಿಟ್ಟರೆ ನನಗೆ ಏನೂ ತಿಳಿಯುತ್ತಿಲ್ಲ, ಲಕ್ಷ್ಮಿ. ಗೋಡೆಯ ಮೇಲೆ ಇಟ್ಟಂತೆ. ಹೆದರಿ ಮಾತು ಹೆಚ್ಚು ಮಾಡಿದ್ದೇನೆ, ಬರುವವರು ಕಡಿಮೆಯಾಗಿದ್ದಾರೆ. ಭಾನುವಾರ ಮೊದಲು ನೀನು ಕುರ್ಚಿಯಲ್ಲಿ ಕೂರು, ನಾನು ಕೈಯಿಡುತ್ತೇನೆ.